ಜಿಮ್ ರಿಯಾಯಿತಿಯ ಆರೋಗ್ಯ ವಿಮೆ: ಯಾರಿಗೆ ಯಾವುದು ಗಿಟ್ಟುತ್ತದೆ?

ಆರೋಗ್ಯ ವಿಮೆ ಕೊಳ್ಳಲು ಹೊರಟವರನ್ನು ಈಗ ಹೆಚ್ಚು ಗೊಂದಲಕ್ಕೆ ಕೆಡವುತ್ತಿರುವುದು ವಿಮೆಯಲ್ಲ, ಅದರ ಬೆನ್ನಿಗಂಟಿಕೊಂಡು ಬರುವ ಬಹುಮಾನ. ಒಬ್ಬ ಏಜೆಂಟರು ‘ದಿನಾ ನಡೆಯಿರಿ, ಮುಂದಿನ ವರ್ಷ ಪ್ರೀಮಿಯಂನಲ್ಲಿ ಶೇ. 30 ಕಡಿತ’ ಅನ್ನುತ್ತಾರೆ. ಇನ್ನೊಬ್ಬರು ‘ಜಿಮ್‌ಗೆ ಹೋದ ದಿನಗಳಿಗೆ ದುಡ್ಡು ವಾಪಸ್’ ಅನ್ನುತ್ತಾರೆ. ಮತ್ತೊಂದು ಕಂಪನಿಯ ಆ್ಯಪ್ ತೆರೆದರೆ ದೊಡ್ಡ ಜಿಮ್‌ಗಳ ಸದಸ್ಯತ್ವ ಕಡಿಮೆ ದರಕ್ಕೆ ಕಾಣುತ್ತದೆ. ಆಫೀಸಿನ ಎಚ್‌ಆರ್ ಕಡೆಯಿಂದ ಬರುವ ಕಾರ್ಪೊರೇಟ್ ದರ ಬೇರೆಯೇ. ಇವೆಲ್ಲ ಬೇಡ, ಸಾದಾ ಪಾಲಿಸಿ ಮಾಡಿಸಿಕೊಂಡು ಬೀದಿ ಕೊನೆಯ ಜಿಮ್‌ಗೆ ಹೋಗುತ್ತೇನೆ ಅನ್ನುವ ದಾರಿಯೂ ಇದೆ. ಈ ಐದರಲ್ಲಿ ಯಾವುದನ್ನು ಹಿಡಿಯಬೇಕೆಂಬುದು ನಿಮ್ಮ ಊರು, ಮೊಣಕಾಲು, ಮನೆಯ ಮಂದಿ ಮತ್ತು ಜೇಬನ್ನು ನೋಡಿ ತೀರ್ಮಾನವಾಗಬೇಕು.

ವಿಮಾ ನಿಯಂತ್ರಕ ಐಆರ್‌ಡಿಎಐ 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ ಬಹುಮಾನಗಳಿಗೆ ಸ್ಪಷ್ಟ ಅನುಮತಿಯಿದೆ. ವ್ಯಾಯಾಮದ ಗುರಿ ಮುಟ್ಟಿದವರಿಗೆ ಅಂಕ ಕೊಡಬಹುದು. ಆ ಅಂಕವನ್ನು ರಿನೀವಲ್ ಪ್ರೀಮಿಯಂ ಕಡಿತಕ್ಕೋ, ವಿಮಾ ಮೊತ್ತದ ಏರಿಕೆಗೋ, ಜಿಮ್ ಅಥವಾ ಯೋಗ ಕೇಂದ್ರದ ಸದಸ್ಯತ್ವದ ವೋಚರ್‌ಗೋ ಬಳಸಬಹುದು. ಆದರೆ ಈ ಸೌಲಭ್ಯಗಳ ಖರ್ಚನ್ನು ಕಂಪನಿ ಪಾಲಿಸಿಯ ಬೆಲೆಯಲ್ಲೇ ಲೆಕ್ಕ ಹಾಕಿರುತ್ತದೆ. ಅಂದರೆ ಬಹುಮಾನಕ್ಕೆ ನೀವು ಮೊದಲೇ ದುಡ್ಡು ಕಟ್ಟಿರುತ್ತೀರಿ. ಗುರಿ ಮುಟ್ಟಿದವರು ವಾಪಸ್ ಪಡೆಯುತ್ತಾರೆ, ಮುಟ್ಟದವರದ್ದು ಹೋಯಿತು.

ಮೊದಲು ಬಹುಮಾನವನ್ನು ಮುಚ್ಚಿಟ್ಟು ನೋಡಿ

ಎಷ್ಟೇ ಆಸೆಯಾದರೂ ಮೊದಲ ಸುತ್ತಿನಲ್ಲಿ ಜಿಮ್ ಇರುವ ಪುಟವನ್ನು ತೆರೆಯಬೇಡಿ. ರೂಮ್ ಬಾಡಿಗೆಗೆ ಮಿತಿ ಇದೆಯೇ, ಕೋ-ಪೇ (ಬಿಲ್ಲಿನಲ್ಲಿ ನೀವೇ ಕೊಡಬೇಕಾದ ಪಾಲು) ಎಷ್ಟು, ಮೊದಲೇ ಇದ್ದ ಕಾಯಿಲೆಗೆ ಎಷ್ಟು ತಿಂಗಳು ಕಾಯಬೇಕು (ಗರಿಷ್ಠ ಮಿತಿ ಈಗ 36 ತಿಂಗಳು), ನಿಮ್ಮೂರಿನ ಅಥವಾ ಹತ್ತಿರದ ಜಿಲ್ಲಾ ಕೇಂದ್ರದ ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಇದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು.

ರೂಮ್ ಬಾಡಿಗೆಯ ಒಂದೇ ಷರತ್ತು ಎಷ್ಟು ದುಬಾರಿಯಾಗಬಹುದು ನೋಡಿ. 5 ಲಕ್ಷದ ಪಾಲಿಸಿಯಲ್ಲಿ ರೂಮ್ ಮಿತಿ ಶೇ. 1, ಅಂದರೆ ದಿನಕ್ಕೆ 5,000 ರೂಪಾಯಿ. ಆಸ್ಪತ್ರೆಯಲ್ಲಿ ಸಿಕ್ಕಿದ್ದು 8,000ದ ಕೋಣೆ. ಆಗ ಕಂಪನಿ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕತ್ತರಿಸಿ ಸುಮ್ಮನಾಗುವುದಿಲ್ಲ. ಡಾಕ್ಟರ್ ಫೀ, ನರ್ಸಿಂಗ್, ಆಪರೇಷನ್ ಥಿಯೇಟರಿನಂಥ ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ, ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತದೆ. ಔಷಧ, ಇಂಪ್ಲಾಂಟ್, ತಪಾಸಣೆಗಳ ಬಿಲ್ಲಿಗೆ ಈ ಕತ್ತರಿ ಇಲ್ಲ. ಕತ್ತರಿಗೆ ಒಳಪಡುವ ಬಿಲ್ 2 ಲಕ್ಷವಾಗಿದ್ದರೆ ಕಂಪನಿ ಕೊಡುವುದು 1,25,000. ಉಳಿದ 75,000 ನಿಮ್ಮ ಕೈಯಿಂದ. ಹತ್ತು ವರ್ಷ ಬಿಡದೆ ಜಿಮ್ ರಿಯಾಯಿತಿ ಪಡೆದರೂ ಈ ಒಂದು ಹೊಡೆತ ತುಂಬಿಬರುವುದು ಕಷ್ಟ. ಈ ಸುತ್ತಿನಲ್ಲಿ ಗೆದ್ದ ಎರಡು ಮೂರು ಪಾಲಿಸಿಗಳ ನಡುವೆ ಮಾತ್ರ ಬಹುಮಾನದ ಹೋಲಿಕೆ ನಡೆಯಲಿ.

ಬಹುಮಾನವನ್ನು ಅಳೆಯುವ ಬಗೆ

ಎರಡನೇ ಸುತ್ತಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ನಿಮ್ಮ ಶ್ರಮವನ್ನು ಯಾವುದರಲ್ಲಿ ಎಣಿಸುತ್ತಾರೆ? ಹೆಜ್ಜೆಯಲ್ಲೋ, ಜಿಮ್ ಹಾಜರಿಯಲ್ಲೋ, ಕ್ಯಾಲೊರಿಯಲ್ಲೋ, ರಕ್ತಪರೀಕ್ಷೆಯ ಫಲಿತಾಂಶದಲ್ಲೋ? ಭಾರ ಎತ್ತುವವರು ಒಂದು ಗಂಟೆ ಬೆವರು ಸುರಿಸಿದರೂ ಎರಡು ಸಾವಿರ ಹೆಜ್ಜೆ ದಾಟುವುದು ಕಷ್ಟ. ಸೈಕಲ್ ತುಳಿಯುವವರದ್ದು, ಈಜುವವರದ್ದೂ ಇದೇ ಪಾಡು.

ಎರಡನೆಯದು, ಎಣಿಕೆ ದಿನದ್ದೋ ವರ್ಷದ್ದೋ ಎಂಬುದು. ದಿನಕ್ಕೆ 10,000 ಎಂಬ ಗೆರೆ ಇದ್ದರೆ 9,800 ನಡೆದ ದಿನ ಲೆಕ್ಕಕ್ಕೇ ಇಲ್ಲ. ವರ್ಷದ ಮೊತ್ತ ನೋಡುವ ಯೋಜನೆಯಲ್ಲಿ ಶನಿವಾರ, ಭಾನುವಾರ ಹೆಚ್ಚು ನಡೆದು ವಾರದ ಕೊರತೆ ತುಂಬಿಸಿಕೊಳ್ಳಬಹುದು. ಕೆಲಸದ ದಿನ ಕುರ್ಚಿ ಬಿಟ್ಟೇಳಲಾಗದವರಿಗೆ, ರಜೆಯಲ್ಲಿ ಚಾರಣ ಮಾಡುವವರಿಗೆ ಈ ವ್ಯತ್ಯಾಸವೇ ನಿರ್ಣಾಯಕ. 10,000 ಹೆಜ್ಜೆ ಎಂದರೆ ಸುಮಾರು 7 ಕಿಲೋಮೀಟರ್, ಹದವಾದ ನಡಿಗೆಯಲ್ಲಿ ಒಂದೂವರೆ ಗಂಟೆ. ಇದನ್ನು ಮಳೆಗಾಲದ ಶಿವಮೊಗ್ಗದಲ್ಲೂ ಏಪ್ರಿಲ್ ಬಿಸಿಲಿನ ಕಲಬುರಗಿಯಲ್ಲೂ ದಿನಾ ಮಾಡಬಲ್ಲಿರಾ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಬಹುಮಾನ ಯಾವ ರೂಪದಲ್ಲಿ ಬರುತ್ತದೆ ಎಂಬುದೂ ಮುಖ್ಯ. ಪ್ರೀಮಿಯಂ ಕಡಿತವಾದರೆ ಅದು ನೇರ ದುಡ್ಡು. ವೋಚರ್ ಆದರೆ ಅದಕ್ಕೆ ಅವಧಿ, ಅಂಗಡಿ, ಕನಿಷ್ಠ ಖರೀದಿಯ ಷರತ್ತುಗಳಿರುತ್ತವೆ. ಜಿಮ್ ರಿಯಾಯಿತಿಯಾದರೆ ನೀವು ಹೇಗೂ ಸೇರಲಿದ್ದ ಜಿಮ್‌ನಲ್ಲಿ ಸಿಕ್ಕರೆ ಮಾತ್ರ ಉಳಿತಾಯ; ಇಲ್ಲದಿದ್ದರೆ ಅದು ಹೊಸ ಖರ್ಚಿಗೆ ಕರೆಯೋಲೆ. ಇನ್ನು ಇಡೀ ಮನೆಗೆ ಒಂದೇ ವಿಮಾ ಮೊತ್ತವಿರುವ ಫ್ಲೋಟರ್ ಪಾಲಿಸಿಯಲ್ಲಿ ಯಾರ ಹೆಜ್ಜೆ ಎಣಿಕೆಗೆ ಬರುತ್ತದೆ ಎಂದು ನೋಡಬೇಕು. ಮಕ್ಕಳದ್ದು ಸಾಮಾನ್ಯವಾಗಿ ಇಲ್ಲ. ದೊಡ್ಡವರಿಬ್ಬರ ಸರಾಸರಿ ಹಿಡಿಯುವ ಕಡೆ ಒಬ್ಬರು ಓಡಿ ಇನ್ನೊಬ್ಬರು ಕೂತರೆ ಬಹುಮಾನವೂ ಅರ್ಧಕ್ಕೆ ಕೂರುತ್ತದೆ.

ರೂಪಾಯಿ ಲೆಕ್ಕ

ಒಂದು ಲೆಕ್ಕ ಹಾಕೋಣ. ಸಾದಾ ಪಾಲಿಸಿಗೆ ವರ್ಷಕ್ಕೆ 16,000. ಅದೇ ಕವರೇಜಿನ ಬಹುಮಾನದ ಪಾಲಿಸಿಗೆ 20,000, ‘ಶೇ. 30ರವರೆಗೆ’ ಕಡಿತ. ಮೊದಲ ವರ್ಷ ಕಡಿತವೇ ಇಲ್ಲ, ಪೂರ್ತಿ 20,000 ಕಟ್ಟುತ್ತೀರಿ. ಎರಡನೇ ವರ್ಷದಿಂದ ಪೂರ್ತಿ ಶೇ. 30 ಗಳಿಸುತ್ತ ಹೋದರೆ ವರ್ಷಕ್ಕೆ 14,000. ಮೂರು ವರ್ಷಕ್ಕೆ ಕೂಡಿಸಿ: ಈ ಕಡೆ 48,000, ಆ ಕಡೆಯೂ 48,000. ಅಂದರೆ ಒಂದು ವರ್ಷವೂ ತಪ್ಪದೆ ತುದಿಯ ಸ್ಲ್ಯಾಬ್ (ಕಡಿತದ ಮೆಟ್ಟಿಲು) ಮುಟ್ಟಿದವರಿಗೂ ನಾಲ್ಕನೇ ವರ್ಷದಿಂದಷ್ಟೇ ಲಾಭ, ಅದೂ ವರ್ಷಕ್ಕೆ 2,000. ಬಹಳ ಜನರಿಗೆ ಸಾಧ್ಯವಾಗುವ ಶೇ. 10ರ ಸ್ಲ್ಯಾಬ್‌ನಲ್ಲೇ ನಿಂತರೆ ನಾಲ್ಕು ವರ್ಷಕ್ಕೆ 74,000 ಆಯಿತು. ಸಾದಾ ಪಾಲಿಸಿಯವರು ಕಟ್ಟಿದ್ದು 64,000. ವಯಸ್ಸಿನೊಂದಿಗೆ ಪ್ರೀಮಿಯಂ ಏರುವುದನ್ನು ಇಲ್ಲಿ ಬಿಟ್ಟಿದ್ದೇವೆ, ಅದು ಎರಡಕ್ಕೂ ಅಂಟಿದ್ದೇ.

ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ಎರಡು ಪಾಲಿಸಿಗಳ ಪ್ರೀಮಿಯಂ ಸರಿಸುಮಾರು ಒಂದೇ ಇದ್ದರೆ ಬಹುಮಾನ ಇರುವುದನ್ನು ಕಣ್ಣುಮುಚ್ಚಿ ಆರಿಸಿ. ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಈಗಾಗಲೇ ದಿನಾ ನಡೆಯುವ ಅಥವಾ ಜಿಮ್‌ಗೆ ಹೋಗುವ ರೂಢಿ ಇದ್ದವರಿಗೆ ಮಾತ್ರ ಅದು ಸೂಕ್ತ. ‘ಪಾಲಿಸಿ ತಗೊಂಡ ಮೇಲೆ ಶುರು ಮಾಡ್ತೀನಿ’ ಎಂಬ ಸಂಕಲ್ಪದ ಮೇಲೆ 4,000 ರೂಪಾಯಿ ಕಟ್ಟಬೇಡಿ. ಮೊದಲು ಮೂರು ತಿಂಗಳು ಫೋನಿನಲ್ಲೇ ಹೆಜ್ಜೆ ಎಣಿಸಿ, ಸರಾಸರಿ ತೆಗೆದು, ಸ್ಲ್ಯಾಬ್ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.

ಯಾವ ಬಗೆ, ಏನು ಸಿಗುತ್ತದೆ

ಹೆಜ್ಜೆಗೆ ಪ್ರೀಮಿಯಂ ಕಡಿತ ಕೊಡುವ ಬಗೆಗೆ ನಿವಾ ಬೂಪಾದ ರೀಅಶ್ಯೂರ್ 2.0, ಕೇರ್ ಹೆಲ್ತ್‌ನ ಕೇರ್ ಸುಪ್ರೀಮ್ ಒಳ್ಳೆಯ ಉದಾಹರಣೆ. ಎರಡರಲ್ಲೂ ರಿನೀವಲ್ ಹೊತ್ತಿಗೆ ಶೇ. 30ರವರೆಗೆ ಕಡಿತದ ಅವಕಾಶ ಇದೆ. ಕೇರ್ ಸುಪ್ರೀಮ್‌ನಲ್ಲಿ ಈ ವೆಲ್‌ನೆಸ್ ಸೌಲಭ್ಯವನ್ನು ಬೇಕೆಂದು ಆರಿಸಿಕೊಳ್ಳಬೇಕು, ತಾನಾಗಿ ಬರುವುದಿಲ್ಲ. ಪ್ರಪೋಸಲ್ ಫಾರಂನಲ್ಲಿ ಅದಕ್ಕೆ ಟಿಕ್ ಬಿದ್ದಿದೆಯೇ ನೋಡಿಕೊಳ್ಳಿ. ಈ ಬಗೆಯ ದೊಡ್ಡ ಗುಣ ಎಂದರೆ ಜಿಮ್ಮೇ ಬೇಕಿಲ್ಲ. ಗದಗಿನಲ್ಲೋ ಚಿಂತಾಮಣಿಯಲ್ಲೋ ಕೆರೆ ಏರಿಯ ಮೇಲೆ ನಡೆಯುವವರಿಗೂ ಬೆಂಗಳೂರಿನ ಇಂದಿರಾನಗರದವರಿಗೂ ಒಂದೇ ನಿಯಮ. ಸಣ್ಣ ಊರುಗಳಲ್ಲಿರುವವರಿಗೆ ಇದಕ್ಕಿಂತ ಹೊಂದುವ ಬಗೆ ಇಲ್ಲ.

ಜಿಮ್ ಹಾಜರಿಯನ್ನೇ ಎಣಿಸುವ ಬಗೆಯಲ್ಲಿ ಮುಂದಿರುವುದು ಆದಿತ್ಯ ಬಿರ್ಲಾ ಹೆಲ್ತ್. ಈ ಕಂಪನಿಗೆ ಪಾಲುದಾರರಾಗಿ ಬಂದದ್ದು ದಕ್ಷಿಣ ಆಫ್ರಿಕಾದ ಮೊಮೆಂಟಮ್ ಮೆಟ್ರೊಪಾಲಿಟನ್. ವ್ಯಾಯಾಮಕ್ಕೆ ಬಹುಮಾನ ಎಂಬ ಕಲ್ಪನೆ ವಿಮೆಯಲ್ಲಿ ಬೇರೂರಿದ್ದೇ ಆ ದೇಶದಲ್ಲಿ, 1997ರಲ್ಲಿ ಶುರುವಾದ ಡಿಸ್ಕವರಿ ವೈಟಾಲಿಟಿಯಿಂದ. ಬ್ರಿಟನ್ನಿನಲ್ಲಿರುವ ಕನ್ನಡಿಗರು ವೈಟಾಲಿಟಿ ಹೆಸರಿನಲ್ಲಿ ನೋಡುವುದು ಅದೇ ಮನೆತನದ ಯೋಜನೆಯನ್ನು. ಅಲ್ಲಿ ಆಯ್ದ ಜಿಮ್‌ಗಳ ತಿಂಗಳ ಶುಲ್ಕದಲ್ಲಿ ಕಡಿತವೇ ಮುಖ್ಯ ಆಕರ್ಷಣೆ. ಇಲ್ಲಿ ಒತ್ತು ಇರುವುದು ಪ್ರೀಮಿಯಂ ಹಣ ಮರಳಿಸುವುದರ ಮೇಲೆ.

ಆದಿತ್ಯ ಬಿರ್ಲಾದ ‘ಆಕ್ಟಿವ್ ಡೇಸ್’ ಪದ್ಧತಿಯಲ್ಲಿ ಒಂದು ದಿನ ಗಳಿಸಲು 10,000 ಹೆಜ್ಜೆ, ಅಥವಾ ಒಪ್ಪಿತ ಜಿಮ್‌ನಲ್ಲಿ 30 ನಿಮಿಷ, ಅಥವಾ ಒಂದೇ ಅವಧಿಯಲ್ಲಿ 300 ಕ್ಯಾಲೊರಿ ಸಾಕು. ಭಾರ ಎತ್ತುವವರಿಗೆ ಈ ‘ಅಥವಾ’ ಬಹಳ ಬೆಲೆಯುಳ್ಳದ್ದು. ಆದರೆ ದಿನಗಳನ್ನಷ್ಟೇ ನೋಡಿ ಮುಗಿಸುವುದಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ತೂಕ ಇತ್ಯಾದಿ ಪರೀಕ್ಷಿಸಿ ಹೃದಯಕ್ಕೆ ಹಸಿರು, ಹಳದಿ ಅಥವಾ ಕೆಂಪು ಅಂಕ ಕೊಡುತ್ತಾರೆ. ಬಹುಮಾನದ ಲೆಕ್ಕಕ್ಕೆ ಈ ತಪಾಸಣೆಯೂ ಸೇರುವ ಪಾಲಿಸಿಗಳಲ್ಲಿ ಅದನ್ನು ಮಾಡಿಸದೆ ಬಿಟ್ಟರೆ ವರ್ಷವಿಡೀ ಬೆವರು ಸುರಿಸಿದ್ದಕ್ಕೂ ಪೂರ್ತಿ ಫಲ ಇಲ್ಲ. ಪಾಲಿಸಿ ಬಂದ ಮೊದಲ ತಿಂಗಳಲ್ಲೇ ಅದನ್ನು ಮುಗಿಸಿಬಿಡಿ. ಗಳಿಸಿದ ‘ಹೆಲ್ತ್ ರಿಟರ್ನ್ಸ್’ ಬ್ಯಾಂಕಿಗೆ ಬೀಳುವ ನಗದಲ್ಲ. ಮುಂದಿನ ಪ್ರೀಮಿಯಂ, ಔಷಧ, ತಪಾಸಣೆಯಂಥವಕ್ಕೆ ಬಳಸಬೇಕು. ಮನೆಯಲ್ಲಿ ಬಿಪಿ, ಶುಗರ್ ಮಾತ್ರೆಗೆ ತಿಂಗಳೂ ಖರ್ಚಿದ್ದರೆ ಅದು ನಗದಿಗೆ ಸಮಾನ.

ಸ್ಟಾರ್ ಹೆಲ್ತ್‌ನಂಥ ಕಂಪನಿಗಳ ಅಂಕ ಪದ್ಧತಿ ಇವೆರಡರ ಮಧ್ಯದ್ದು. ಹೆಜ್ಜೆ, ಆರೋಗ್ಯ ತಪಾಸಣೆ, ವ್ಯಾಯಾಮ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಅಂಕ, ಒಟ್ಟು ಅಂಕಕ್ಕೆ ತಕ್ಕ ರಿಯಾಯಿತಿ. ಒಂದೇ ಗುರಿಗೆ ಜೋತುಬೀಳಬೇಕಿಲ್ಲ ಎಂಬುದು ಅನುಕೂಲ. ಹತ್ತಾರು ಚಿಕ್ಕ ಕೆಲಸಗಳ ದಾಖಲೆಯನ್ನು ಆ್ಯಪ್‌ಗೆ ಏರಿಸುತ್ತಿರಬೇಕು ಎಂಬುದು ಅನಾನುಕೂಲ. ಕಾಗದಪತ್ರ ಅಚ್ಚುಕಟ್ಟಾಗಿ ಇಡುವವರಿಗೆ ಇದು ಒಗ್ಗುತ್ತದೆ.

ಆ್ಯಪ್ ಮೂಲಕ ಸಿಗುವ ಜಿಮ್ ರಿಯಾಯಿತಿಯನ್ನು ಮಾತ್ರ ತುಂಬ ಎಚ್ಚರದಿಂದ ನೋಡಿ. ಒಂದು ಸರಪಳಿ ಜಿಮ್‌ನ ವರ್ಷದ ದರ 18,000 ಎಂದು ಹಿಡಿಯಿರಿ. ಶೇ. 20 ಕಡಿತಕ್ಕೆ 14,400. ಚೆನ್ನಾಗಿದೆ, ಆದರೆ ಮನೆ ಹತ್ತಿರದ ಜಿಮ್ 12,000ಕ್ಕೇ ಸಿಗುವಾಗ ರಿಯಾಯಿತಿ ಪಡೆದು 2,400 ಹೆಚ್ಚು ಕೊಟ್ಟಂತಾಯಿತು. ಅದೇ ಸರಪಳಿ ಜಿಮ್‌ನ ಸ್ವಂತ ಆ್ಯಪ್‌ನಲ್ಲಿ ಹೊಸ ವರ್ಷಕ್ಕೋ ದಸರೆಗೋ ಅಷ್ಟೇ ಕಡಿತ ಇರುವುದುಂಟು. ಒಂದೇ ದಿನ ಎರಡೂ ಕಡೆ ದರ ನೋಡಿ. ಎರಡು ಕೊಡುಗೆಗಳನ್ನು ಒಟ್ಟಿಗೆ ಬಳಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಕಲ್ಟ್‌ನಂಥ ಸರಪಳಿ ಜಿಮ್‌ಗಳಲ್ಲಿ ಸದಸ್ಯತ್ವದಲ್ಲೇ ದರ್ಜೆಗಳಿವೆ. ರಿಯಾಯಿತಿ ಯಾವ ದರ್ಜೆಗೆ, ನಿಮ್ಮ ಮನೆಯ ಹತ್ತಿರದ ಕೇಂದ್ರ ಆ ದರ್ಜೆಯಲ್ಲಿ ಬರುತ್ತದೆಯೇ ಎಂದು ಪಿನ್‌ಕೋಡ್ ಹಾಕಿ ನೋಡದೆ ದುಡ್ಡು ಕಟ್ಟಬೇಡಿ. ಮನೆ ಅಥವಾ ಆಫೀಸಿನಿಂದ 2 ಕಿಲೋಮೀಟರ್ ಆಚೆಯ ಜಿಮ್ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹೆಚ್ಚು ದಿನ ನಡೆಯುವುದಿಲ್ಲ. ಹಾಸನ, ರಾಯಚೂರಿನಂಥ ಊರುಗಳಲ್ಲಿ ಇರುವವರು ಪಟ್ಟಿಯನ್ನು ಮೊದಲು ನೋಡಿ. ಹತ್ತಿರದಲ್ಲಿ ಒಂದೂ ಇಲ್ಲದಿದ್ದರೆ ಈ ಸೌಲಭ್ಯದ ಬೆಲೆ ನಿಮ್ಮ ಪಾಲಿಗೆ ಸೊನ್ನೆ.

ತೆರಿಗೆಯ ಮಾತೂ ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆ ಇದ್ದ ಶೇ. 18 ಜಿಎಸ್‌ಟಿ ಹೋಯಿತು, ಜಿಮ್ ಸೇವೆಯ ಮೇಲಿನದ್ದು ಶೇ. 18ರಿಂದ 5ಕ್ಕೆ ಇಳಿಯಿತು. ಹಳೆಯ ಲೆಕ್ಕಪಟ್ಟಿ ಹಿಡಿದು ಹೋಲಿಸಬೇಡಿ. ಜಿಮ್‌ನವರು ಇನ್ನೂ ‘ಪ್ಲಸ್ 18’ ಅಂದರೆ ಪ್ರಶ್ನಿಸಿ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಡಿ ಎಂದು ಹೆಸರಾದ ಆರೋಗ್ಯ ವಿಮೆಯ ವಿನಾಯಿತಿ ಸಿಗುವುದು ನಿಜಕ್ಕೂ ಕಟ್ಟಿದ ಪ್ರೀಮಿಯಂಗೆ, ಜಿಮ್ ಶುಲ್ಕಕ್ಕೆ ಇಲ್ಲ.

ಆಫೀಸಿನ ಕಾರ್ಪೊರೇಟ್ ದರ ಸಿಕ್ಕರೆ ಅದನ್ನೇ ಬಳಸಿ, ಆದರೆ ಅದನ್ನು ನೆಚ್ಚಿ ಸ್ವಂತ ಪಾಲಿಸಿ ಬಿಡಬೇಡಿ. ಕೆಲಸ ಬಿಟ್ಟ ದಿನ ಗುಂಪು ವಿಮೆಯೂ ಜಿಮ್ ದರವೂ ಒಟ್ಟಿಗೆ ಹೋಗುತ್ತವೆ. ಆಫೀಸಿನಲ್ಲಿ ಜಿಮ್ ಸಿಗುವವರು ಸ್ವಂತಕ್ಕೆ ಸಾದಾ, ಅಗ್ಗದ, ರೂಮ್ ಮಿತಿ ಇಲ್ಲದ ಪಾಲಿಸಿ ಮಾಡಿಸಿಕೊಂಡರೆ ಒಳ್ಳೆಯ ಜೋಡಿ.

ಎಲ್ಲಿ ಎಡವುತ್ತಾರೆ

ನಡೆದದ್ದು ದಾಖಲಾಗದೇ ಇರುವುದೇ ದೊಡ್ಡ ದೂರು. ಟ್ರೆಡ್‌ಮಿಲ್ ಮೇಲೆ ಫೋನನ್ನು ಮುಂದಿನ ತಟ್ಟೆಯಲ್ಲಿಟ್ಟು ಓಡಿದರೆ ಫೋನ್ ಒಂದು ಹೆಜ್ಜೆಯನ್ನೂ ಎಣಿಸುವುದಿಲ್ಲ, ಏಕೆಂದರೆ ಅದು ಅಲುಗಾಡಿಯೇ ಇಲ್ಲ. ಕೈಗೆ ಬ್ಯಾಂಡ್ ಕಟ್ಟಿ ಹಿಡಿಕೆ ಹಿಡಿದು ನಡೆದರೂ ಹಾಗೆಯೇ. ದಿನವಿಡೀ ಮನೆಗೆಲಸದಲ್ಲಿ, ಹೊಲದಲ್ಲಿ ಸಾವಿರಾರು ಹೆಜ್ಜೆ ಹಾಕುವ ಹೆಂಗಸರ ಫೋನು ಅಡುಗೆಮನೆಯ ಕಟ್ಟೆಯ ಮೇಲಿರುತ್ತದೆ. ಅವರ ಶ್ರಮ ಲೆಕ್ಕಕ್ಕೆ ಬರಬೇಕೆಂದರೆ ಬ್ಯಾಂಡ್ ಬೇಕು. ಕೊಳ್ಳುವ ಮೊದಲು ವಿಮಾ ಕಂಪನಿಯ ಆ್ಯಪ್ ಆ ಬ್ಯಾಂಡನ್ನು ಒಪ್ಪುತ್ತದೆಯೇ ನೋಡಿ.

ಆಂಡ್ರಾಯ್ಡ್‌ನಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಹಿನ್ನೆಲೆಯಲ್ಲಿ ಆ್ಯಪನ್ನು ನಿಲ್ಲಿಸಿಬಿಡುತ್ತದೆ. ವಿಮಾ ಆ್ಯಪ್‌ಗೆ ಅದರಿಂದ ವಿನಾಯಿತಿ ಕೊಡಿ. ಹೆಜ್ಜೆಯ ಲೆಕ್ಕವನ್ನು ವಿಮಾ ಆ್ಯಪ್‌ಗೆ ದಾಟಿಸುವ ಗೂಗಲ್ ಫಿಟ್‌ನ ಹಳೆಯ ಕೊಂಡಿಯ ಜಾಗಕ್ಕೆ ಹೆಲ್ತ್ ಕನೆಕ್ಟ್ ಬರುತ್ತಿರುವುದರಿಂದ, ಹಿಂದೆ ಸರಿಯಾಗಿದ್ದ ಜೋಡಣೆಯೂ ಅಪ್‌ಡೇಟ್ ಆದ ಮೇಲೆ ಕಡಿದುಹೋಗಬಹುದು. ವಾರಕ್ಕೊಮ್ಮೆ, ಭಾನುವಾರ ರಾತ್ರಿ ಎಂದಿಟ್ಟುಕೊಳ್ಳಿ, ಆ್ಯಪ್ ತೆರೆದು ಅಂಕಿ ಹೋಲಿಸಿ, ತಿಂಗಳ ಕೊನೆಗೆ ಸ್ಕ್ರೀನ್‌ಶಾಟ್ ಉಳಿಸಿ. ಹಳೆಯ ದಿನಗಳ ಲೆಕ್ಕವನ್ನು ಆಮೇಲೆ ಸೇರಿಸಿಕೊಳ್ಳುವಂತೆ ಮಾಡಲು ಬೇರೆ ಆಧಾರವೇ ಇರುವುದಿಲ್ಲ. ಫೋನ್ ಬದಲಿಸಿದ ದಿನ ಮರುಜೋಡಣೆ ಮಾಡುವುದನ್ನು ಮರೆಯಬೇಡಿ. ಅನುಮತಿ ಕೇಳಿದಾಗ ಹೆಜ್ಜೆ, ವ್ಯಾಯಾಮಕ್ಕೆ ಮಾತ್ರ ಒಪ್ಪಿ. ಬೇರೆ ಮಾಹಿತಿಯ ಬಾಗಿಲು ತೆರೆಯಬೇಕಾಗಿಲ್ಲ.

ತಪಾಸಣೆಯಲ್ಲಿ ಶುಗರ್ ಬಂದರೆ ಅದನ್ನು ಮೊದಲೇ ಇದ್ದ ಕಾಯಿಲೆ ಎಂದು ಎಣಿಸುತ್ತಾರೆಯೇ ಎಂಬ ಭಯದಿಂದ ಹಿಂದೆ ಸರಿಯುವವರಿದ್ದಾರೆ. ಪಾಲಿಸಿ ಶುರುವಾದ ಮೇಲೆ ಹೊಸದಾಗಿ ಬಂದ ಕಾಯಿಲೆ ‘ಮೊದಲೇ ಇದ್ದ ಕಾಯಿಲೆ’ ಆಗುವುದಿಲ್ಲ. ಕಂಪನಿ ಬದಲಿಸುವಾಗ, ವಿಮಾ ಮೊತ್ತ ಏರಿಸುವಾಗ ಅದನ್ನು ಹೇಳಲೇಬೇಕು, ಆಗ ಹೊಸ ಪರಿಶೀಲನೆ ನಡೆಯುತ್ತದೆ. ಕಾಯಿಲೆ ಬೇಗ ಗೊತ್ತಾಗುವುದು ಯಾವ ರಿಯಾಯಿತಿಗಿಂತಲೂ ದೊಡ್ಡದು, ತಪಾಸಣೆ ಮಾಡಿಸಿ.

ಜಿಮ್‌ಗೆ ವರ್ಷದ್ದು ಒಟ್ಟಿಗೆ ಕಟ್ಟುವವರು ಎರಡು ಮಾತು ಬರಹದಲ್ಲಿ ಪಡೆಯಿರಿ: ಕಾಯಿಲೆ ಅಥವಾ ಪ್ರಯಾಣಕ್ಕೆ ಎಷ್ಟು ದಿನ ತಡೆಹಿಡಿಯಬಹುದು, ಮಧ್ಯೆ ಬಿಟ್ಟರೆ ಎಷ್ಟು ವಾಪಸ್. 12,000 ಕಟ್ಟಿ ಮೂರೇ ತಿಂಗಳು ಹೋದರೆ ತಿಂಗಳಿಗೆ 4,000 ಬಿದ್ದಂತೆ. ಹೊಸಬರು ಮೊದಲು ಮೂರು ತಿಂಗಳಿಗಷ್ಟೇ ಕಟ್ಟಿ, ಸ್ವಲ್ಪ ಹೆಚ್ಚಾದರೂ ಸರಿ.

ಹಾಗಾದರೆ ಯಾರು ಯಾವುದನ್ನು?

ವಾರಕ್ಕೆ ನಾಲ್ಕು ದಿನ ಈಗಾಗಲೇ ಜಿಮ್‌ನಲ್ಲಿರುವ, ಬಿಪಿ, ಶುಗರ್ ಹತೋಟಿಯಲ್ಲಿರುವ ನಗರದ ಯುವಕ ಯುವತಿಯರು ಹಾಜರಿ ಎಣಿಸುವ ಬಗೆಯನ್ನು ಹಿಡಿಯಲಿ, ತಮ್ಮ ಜಿಮ್ ಒಪ್ಪಿತ ಪಟ್ಟಿಯಲ್ಲಿದ್ದರೆ. ಇಲ್ಲದಿದ್ದರೆ ಹೃದಯ ಬಡಿತ ಅಳೆಯುವ ವಾಚು ಹಾಕಿ ಕ್ಯಾಲೊರಿ ದಾರಿಯಲ್ಲಿ ಹೋಗಬೇಕು. ಬೆಳಗಿನ ನಡಿಗೆ ತಪ್ಪಿಸದ, 40 ದಾಟಿದ ದಂಪತಿಗೆ, ಸಣ್ಣ ಊರಿನವರಿಗೆ ಹೆಜ್ಜೆ ಯೋಜನೆ. ಅದರಲ್ಲೂ ಸಾಧ್ಯವಾದರೆ ವರ್ಷದ ಮೊತ್ತ ನೋಡುವಂಥದ್ದು. ಮಗುವಿನ ನಿರೀಕ್ಷೆಯಲ್ಲಿರುವವರು ಒಂದೆರಡು ವರ್ಷ ಹೆಜ್ಜೆ ಬಹುಮಾನವನ್ನು ಲೆಕ್ಕದಿಂದಲೇ ತೆಗೆದು, ಹೆರಿಗೆ ಕವರೇಜ್ ಮತ್ತು ಅದರ ಕಾಯುವ ಅವಧಿ ನೋಡಲಿ.

ಅಪ್ಪ ಅಮ್ಮನಿಗೆ ಮಾಡಿಸುವಾಗ ಬಹುಮಾನದ ಆಸೆಗೆ ಬೀಳಲೇಬೇಡಿ. ಸವೆದ ಮಂಡಿಗೆ 10,000 ಹೆಜ್ಜೆಯ ಗುರಿ ಹಾಕುವುದು ಒಳ್ಳೆಯದಲ್ಲ. 65ರ ವಯಸ್ಸಿನಲ್ಲಿ ಶೇ. 20 ಕೋ-ಪೇ ಇದ್ದರೆ 4 ಲಕ್ಷದ ಬಿಲ್ಲಿಗೆ 80,000 ಕೈಯಿಂದ ಹೋಗುತ್ತದೆ. ಅಲ್ಲಿ ಹುಡುಕಬೇಕಾದ್ದು ಕೋ-ಪೇ ಇಲ್ಲದ ಪಾಲಿಸಿ.

ಕೈ ಬಿಗಿ ಇರುವವರು ಸಾದಾ ಪಾಲಿಸಿಯನ್ನೇ ದೊಡ್ಡ ಮೊತ್ತಕ್ಕೆ ಮಾಡಿಸಿ, ಉಳಿದದ್ದರಲ್ಲಿ ಹತ್ತಿರದ ಜಿಮ್‌ಗೆ ಹೋಗಲಿ. ನಗರಪಾಲಿಕೆ ಪಾರ್ಕಿನ ಬಯಲು ಜಿಮ್‌ಗೆ ಶುಲ್ಕವಿಲ್ಲ. ಮೈಸೂರಿನಂಥ ಊರಲ್ಲಿ ಗರಡಿಮನೆಗಳು ಇನ್ನೂ ಇವೆ. ಅಲ್ಲಿನ ದಂಡ, ಬಸ್ಕಿಯನ್ನು ಯಾವ ಆ್ಯಪೂ ಎಣಿಸುವುದಿಲ್ಲ, ಮೈಗೆ ಮಾತ್ರ ಸಿಗಬೇಕಾದ್ದು ಸಿಗುತ್ತದೆ.

ಪಾಲಿಸಿ ಕೈಗೆ ಬಂದ ಮೇಲೆ 30 ದಿನಗಳ ಫ್ರೀ-ಲುಕ್ ಅವಧಿ ಇರುತ್ತದೆ. ಅಷ್ಟರೊಳಗೆ ಆ್ಯಪ್ ಜೋಡಿಸಿ, ಹೆಜ್ಜೆ ದಾಖಲಾಗುತ್ತಿದೆಯೇ, ಜಿಮ್ ಪಟ್ಟಿ ಹೇಳಿದಂತಿದೆಯೇ, ಸ್ಲ್ಯಾಬ್ ಪಟ್ಟಿ ಪಾಲಿಸಿ ಪತ್ರದಲ್ಲೇ ಅಚ್ಚಾಗಿದೆಯೇ ಪರೀಕ್ಷಿಸಿ, ಇಲ್ಲದಿದ್ದರೆ ಮರಳಿಸಿ. ಮುಂದೆ ಬೇರೆ ಕಂಪನಿಗೆ ಪೋರ್ಟ್ ಆಗುವುದಾದರೆ ರಿನೀವಲ್‌ಗೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಬೇಕು. ಕಾಯುವ ಅವಧಿಯಲ್ಲಿ ಕಳೆದ ವರ್ಷಗಳು ನಿಮ್ಮ ಜೊತೆ ಬರುತ್ತವೆ, ವೆಲ್‌ನೆಸ್ ಅಂಕಗಳು ಬರುವುದಿಲ್ಲ. ಉಳಿದಿರುವುದನ್ನು ಹೊರಡುವ ಮೊದಲೇ ಔಷಧಕ್ಕೋ ತಪಾಸಣೆಗೋ ಖರ್ಚು ಮಾಡಿ. ಗಳಿಸಿದ ಕಡಿತ ಕೊಡದಿದ್ದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಕರ್ನಾಟಕದವರಿಗೆ ಇಂಥ ದೂರು ಕೇಳಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ. ಅಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ತಿಂಗಳಿಗೊಂದರಂತೆ ಉಳಿಸಿದ ಸ್ಕ್ರೀನ್‌ಶಾಟ್‌ಗಳನ್ನು ಮಾತ್ರ ಜೊತೆಗೆ ಒಯ್ಯಿರಿ.